ನಾಣ್ಯದ ಮೇಲಿನ ಗಿಡ: ಚಿತ್ರ, ಹೆಸರು, ಸಸ್ಯ

ಹನ್ನೆರಡು ಮೂಲೆಗಳ ಇಪ್ಪತ್ತು ರೂಪಾಯಿ ನಾಣ್ಯ ಇಂದು ಚಿಲಮತ್ತೂರಿನ ಅಂಗಡಿಗಳಲ್ಲಿಯೂ ಕೈಯಿಂದ ಕೈಗೆ ಸಾಗುತ್ತಿದೆ. ಅದರ ಒಂದು ಮುಖದಲ್ಲಿ ಅಂಕಿಯೊಡನೆ ಧಾನ್ಯದ ಚಿತ್ರವಿದೆ. ಇದು ಯಾವ ಬೆಳೆ ಎಂದು ತರಗತಿಯಲ್ಲಿ ಕೇಳಿದರೆ ಉತ್ತರಗಳು ತಡವಿಲ್ಲದೆ ಬರುತ್ತವೆ. ಒಬ್ಬರಿಗೆ ಅದು ಭತ್ತ, ಇನ್ನೊಬ್ಬರಿಗೆ ಗೋಧಿ, ಮತ್ತೊಬ್ಬರಿಗೆ ನವಣೆ. ಮನೆಯಲ್ಲಿ ತೆಲುಗು ಕೇಳಿ ಬೆಳೆದ ಮಕ್ಕಳು ವರಿ ಎನ್ನುತ್ತಾರೆ, ಕೊರ್ರ ಎನ್ನುತ್ತಾರೆ. ನಾಣ್ಯವನ್ನು ಹೊರತಂದಾಗ ಸರ್ಕಾರ ನೀಡಿದ ವಿವರಣೆಯಲ್ಲಾದರೋ ಯಾವ ಬೆಳೆಯ ಹೆಸರೂ ಇಲ್ಲ. ದೇಶದ ಕೃಷಿಪ್ರಾಧಾನ್ಯವನ್ನು ಸೂಚಿಸುವ ಧಾನ್ಯ ಎಂದಷ್ಟೇ ಇದೆ. 1950ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ನಾಣ್ಯಗಳು ಹೊರಬಂದಾಗಲೂ ರೂಪಾಯಿಯ ಮೇಲಿದ್ದ ಹುಲಿಯ ಸ್ಥಾನಕ್ಕೆ ಧಾನ್ಯದ ತೆನೆ ಬಂದಿತು. ಎಪ್ಪತ್ತು ವರ್ಷಗಳಿಂದ ದೇಶದ ಜೇಬಿನಲ್ಲಿರುವ ಗಿಡವೊಂದನ್ನು ಹೆಸರಿಸಿ ಹೇಳುವುದು ಇಷ್ಟು ಕಷ್ಟವಾದರೆ, ಎರಡು ಸಾವಿರದ ಐನೂರು ವರ್ಷಗಳ ಹಿಂದಿನ ನಾಣ್ಯದ ಮೇಲಿನ ಗಿಡದ ಪಾಡೇನು?

ಈ ಪಾಠವು ಪ್ರೌಢಶಾಲೆಯ ತರಗತಿಗಳಲ್ಲಿ ಸಮಾಜ ವಿಜ್ಞಾನ, ಜೀವಶಾಸ್ತ್ರ ಮತ್ತು ಭಾಷೆ ಮೂರನ್ನೂ ಕೂಡಿಸಿ ಕಲಿಸಲು ಒದಗುತ್ತದೆ. ಇದಕ್ಕೆ ಬೇಕಾದ ಸಾಧನ ಬಹಳ ಸರಳವಾದುದು. ನೋಟುಪುಸ್ತಕದ ಒಂದು ಪುಟದಲ್ಲಿ ಮೂರು ಅಂಕಣಗಳನ್ನು ಎಳೆಯಿಸಿ, ಮೊದಲನೆಯದಕ್ಕೆ ‘ಚಿತ್ರ’, ಎರಡನೆಯದಕ್ಕೆ ‘ಹೆಸರು’, ಮೂರನೆಯದಕ್ಕೆ ‘ಸಸ್ಯ’ ಎಂದು ಬರೆಯಿಸಬೇಕು. ನಾಣ್ಯದ ಮೇಲೆ ಕಣ್ಣಿಗೆ ಕಾಣುವುದು ಮೊದಲನೆಯದರಲ್ಲಿ. ಅದನ್ನು ಟಂಕಿಸಿದ ಜನರು ಆ ಗಿಡವನ್ನು ಕರೆಯುತ್ತಿದ್ದ ಮಾತು ಎರಡನೆಯದರಲ್ಲಿ. ಇಂದು ನೆಲದ ಮೇಲೆ ಬೆಳೆಯುವ, ಕೈಯಿಂದ ಮುಟ್ಟಬಹುದಾದ ಗಿಡ ಮೂರನೆಯದರಲ್ಲಿ. ಮೂರೂ ತುಂಬಿದ ಸಾಲುಗಳು ಕೆಲವು ಮಾತ್ರ ಸಿಗುತ್ತವೆ. ಒಂದು ಅಂಕಣ ಖಾಲಿ ಉಳಿದಾಗ ಉಳಿದೆರಡರಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬುದೇ ಇಲ್ಲಿಯ ಪಾಠ.

ಊರಿನ ಹೆಸರೇ ಗಿಡವಾದಾಗ

ಹಳೆಯ ಗ್ರೀಕ್ ನಾಣ್ಯಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಗ್ರೀಕ್ ನಗರಗಳು ಹೆಚ್ಚಿನವು ಸ್ವತಂತ್ರವಾಗಿದ್ದುವು; ಪ್ರತಿಯೊಂದು ನಗರವೂ ತನ್ನ ಟಂಕಸಾಲೆಯಿಂದ ತನ್ನದೇ ಗುರುತಿನ ನಾಣ್ಯವನ್ನು ಹೊರತರುತ್ತಿತ್ತು. ಆ ಗುರುತುಗಳಲ್ಲಿ ದೇವತೆಗಳೂ ಪ್ರಾಣಿಗಳೂ ಇದ್ದಂತೆ ಗಿಡ, ಎಲೆ, ಹೂ, ಹಣ್ಣು, ತೆನೆಗಳೂ ಇದ್ದುವು. ಗಿಡಗಳಿರುವ ಗ್ರೀಕ್ ನಾಣ್ಯಗಳನ್ನು ಮಾತ್ರ ಆಯ್ದು ಕೂಡಿಹಾಕುವ ಸಂಗ್ರಾಹಕರು ಲೋಕದಲ್ಲಿ ಇದ್ದಾರೆ. ಅವರ ಸಂಗ್ರಹದ ಪೆಟ್ಟಿಗೆ ಒಂದು ಪುಟ್ಟ ತೋಟದ ಹಾಗಿರುತ್ತದೆ.

ದಕ್ಷಿಣ ಇಟಲಿಯ ಮೆಟಪಾಂಟಮ್ ಎಂಬ ಗ್ರೀಕ್ ನಗರ ಕ್ರಿ.ಪೂ. 6ನೆಯ ಶತಮಾನದಿಂದಲೇ ಬೆಳ್ಳಿಯ ನಾಣ್ಯದ ಮೇಲೆ ಜವೆಗೋಧಿಯ ತೆನೆಯನ್ನು ಅಚ್ಚೊತ್ತಿತು. ಕಾಳುಗಳ ಸಾಲು, ಕಾಳಿನ ತುದಿಯಿಂದ ಹೊರಟ ಉದ್ದನೆಯ ಎಳೆಗಳು ಎಷ್ಟು ಸ್ಪಷ್ಟವೆಂದರೆ ರೈತರ ಮನೆಯ ಮಗು ಅದನ್ನು ರಾಗಿಯೆಂದು ಎಂದಿಗೂ ಹೇಳದು. ಪಕ್ಕದಲ್ಲಿ ನಗರದ ಹೆಸರಿನ ಮೊದಲ ಅಕ್ಷರಗಳಿವೆ. ಆ ನಗರದ ಸಂಪತ್ತು ಹೊಲದಿಂದ ಬಂದುದು ಎಂಬುದನ್ನು ತೆನೆ ತಾನಾಗಿಯೇ ಹೇಳುತ್ತದೆ. ಅಥೆನ್ಸಿನ ಪ್ರಸಿದ್ಧ ಗೂಬೆಯ ನಾಣ್ಯದಲ್ಲಿ ಗೂಬೆಯ ಬೆನ್ನ ಹಿಂದೆ, ಮೂಲೆಯಲ್ಲಿ, ಆಲಿವ್ ಚಿಗುರೊಂದು ಇರುತ್ತದೆ. ಎದುರಿಗೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರಗಳು. ಗೂಬೆಯನ್ನು ಎಲ್ಲರೂ ನೋಡುತ್ತಾರೆ, ಚಿಗುರನ್ನು ನೋಡುವವರು ವಿರಳ. ಮಕ್ಕಳಿಗೆ ಆ ಚಿತ್ರವನ್ನು ತೋರಿಸಿ, ಗೂಬೆಯನ್ನು ಬಿಟ್ಟು ಇನ್ನೇನಿದೆ ಎಂದು ಕೇಳುವುದು ಕಣ್ಣಿನ ಅಭ್ಯಾಸಕ್ಕೆ ಒಳ್ಳೆಯ ಆರಂಭ.

ಇವೆರಡರಲ್ಲಿಯೂ ಗಿಡ ಬೇರೆ, ಊರಿನ ಹೆಸರು ಬೇರೆ. ಇದಕ್ಕಿಂತ ಸ್ವಾರಸ್ಯವಾದವು ಊರಿನ ಹೆಸರನ್ನೇ ಗಿಡದಿಂದ ಹೇಳುವ ನಾಣ್ಯಗಳು. ಸಿಸಿಲಿ ದ್ವೀಪದ ಸೆಲಿನಸ್ ನಗರದ ಮೊದಮೊದಲ ನಾಣ್ಯಗಳಲ್ಲಿ ಒಂದು ಎಲೆಯಿದೆ. ಅದು ಕಾಡುಸೆಲರಿಯ ಎಲೆ. ಗ್ರೀಕರು ಅದನ್ನು ‘ಸೆಲಿನಾನ್’ ಎನ್ನುತ್ತಿದ್ದರು. ಓದು ಬಾರದವನೂ ಎಲೆಯನ್ನು ನೋಡಿ ಊರಿನ ಹೆಸರನ್ನು ಹೇಳಬಹುದಿತ್ತು. ಕ್ರಿ.ಪೂ. 408ರಲ್ಲಿ ಮೂರು ಪಟ್ಟಣಗಳು ಒಂದುಗೂಡಿ ಕಟ್ಟಿಕೊಂಡ ರೋಡ್ಸ್ ನಗರ ತನ್ನ ನಾಣ್ಯದ ಮೇಲೆ ಗುಲಾಬಿಯನ್ನು ಇರಿಸಿತು. ಗ್ರೀಕಿನಲ್ಲಿ ಗುಲಾಬಿಗೆ ‘ರೋಡಾನ್’ ಎಂದು ಹೆಸರು. ಈ ಹೂವನ್ನು ಪಕ್ಕದಿಂದ ನೋಡಿದಂತೆ ಕೊರೆಯಲಾಗಿದೆ. ಆದುದರಿಂದ ದಳಗಳನ್ನು ಎಣಿಸಲಾಗದು, ಮೊದಲ ನೋಟಕ್ಕೆ ಅದು ಗುಲಾಬಿಯೆಂದು ತೋರುವುದೂ ಇಲ್ಲ. ಇದು ದಾಸವಾಳವಲ್ಲವೇ ಎಂದು ಮಗುವೊಂದು ಕೇಳಿದರೆ ನಗುವ ಕಾರಣವಿಲ್ಲ. ಆ ಹೂವನ್ನು ಗುಲಾಬಿಯೆಂದು ನಿರ್ಧರಿಸಿಕೊಡುವುದು ಕಣ್ಣಿಗಿಂತ ಹೆಚ್ಚಾಗಿ ಅದರ ಬದಿಯ ಬರಹ.

ಇಲ್ಲಿ ಮಕ್ಕಳ ಊರುಗಳನ್ನು ತರಬಹುದು. ಕನ್ನಡ ನಾಡಿನಲ್ಲಿ ಹುಣಸೂರು, ಆಲೂರು, ಬೇವೂರು, ಅತ್ತಿಬೆಲೆ ಇವೆ. ತೆಲುಗಿನಲ್ಲಿ ಚಿಂತ, ವೇಪ, ಮರ್ರಿ, ರಾವಿ ಎಂಬ ಮಾತುಗಳಿಂದ ಮೊದಲಾಗುವ ಊರುಗಳಿಗೆ ಲೆಕ್ಕವಿಲ್ಲ. ನಿಮ್ಮ ಊರು ಒಂದು ನಾಣ್ಯವನ್ನು ಟಂಕಿಸಿದ್ದರೆ ಅದರ ಮೇಲೆ ಯಾವ ಗಿಡವಿರುತ್ತಿತ್ತು ಎಂದು ಕೇಳಿ, ಅದನ್ನು ರಟ್ಟಿನ ಬಿಲ್ಲೆಯ ಮೇಲೆ ಬರೆಯಿಸಬಹುದು. ಆದರೆ ಒಂದು ಎಚ್ಚರಿಕೆಯನ್ನು ಆಗಲೇ ಹೇಳಿಬಿಡಬೇಕು: ಮಾತಿನ ಸದ್ದು ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು. ಹಿಂದೂಪುರದ ಹೆಸರನ್ನು ಕೇಳಿದವರು ಸಾಮಾನ್ಯವಾಗಿ ಒಂದು ಅರ್ಥವನ್ನು ಊಹಿಸುತ್ತಾರೆ. ಊರಿನ ಚರಿತ್ರೆಯಾದರೋ ಅದನ್ನು ಮರಾಠಾ ಸರದಾರ ಮುರಾರಿರಾಯನ ತಂದೆ ಹಿಂದೋಜಿಯ ಹೆಸರಿಗೆ ಸೇರಿಸುತ್ತದೆ. ಸೆಲಿನಸ್ಸಿನ ಎಲೆಗೆ ಬರಹದ, ಭಾಷೆಯ, ದೊರೆತ ಸ್ಥಳದ ಬೆಂಬಲವಿದೆ. ಅಂಥ ಬೆಂಬಲವಿಲ್ಲದ ಊರಿನ ಹೆಸರಿಗೆ ಮಕ್ಕಳು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಲಿ.

ಸಿಡೆಯ ದಾಳಿಂಬೆ

ಗಡಿನಾಡಿನ ಕನ್ನಡ ಶಾಲೆಗಳಿಗೆ ಎಲ್ಲಕ್ಕಿಂತ ಹತ್ತಿರದ ನಾಣ್ಯ ಬಹುಶಃ ಸಿಡೆ ಎಂಬ ಊರಿನದು. ಈಗ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ, ಅಂತಾಲ್ಯ ಪ್ರಾಂತದಲ್ಲಿ, ಅದರ ಅವಶೇಷಗಳಿವೆ. ಸಿಡೆಯ ಬೆಳ್ಳಿಯ ನಾಣ್ಯಗಳ ಮೇಲೆ ದಾಳಿಂಬೆ ಹಣ್ಣಿದೆ. ತುದಿಯ ಕಿರೀಟದಂಥ ಮೊಗ್ಗೆಯಿಂದಾಗಿ ಇದನ್ನು ಗುರುತಿಸಲು ಯಾರ ನೆರವೂ ಬೇಡ. ದಾಳಿಂಬೆಯ ತೋಟಗಳಿರುವ ಅನಂತಪುರದ ಸೀಮೆಯ ಮಕ್ಕಳಿಗಂತೂ ಬೇಡವೇ ಬೇಡ. ಮೊದಲ ಅಂಕಣ ತುಂಬಿತು, ಮೂರನೆಯದೂ ತುಂಬಿತು.

ಎರಡನೆಯದು? ಗ್ರೀಕಿನಲ್ಲಿ ದಾಳಿಂಬೆಗೆ ಬಳಕೆಯಲ್ಲಿದ್ದ ಸಾಮಾನ್ಯವಾದ ಮಾತು ‘ರೋವಾ’. ‘ಸಿಡೆ’ ಎಂಬುದೂ ದಾಳಿಂಬೆಯ ಹೆಸರೇ. ಆದರೆ ಅದು ಗ್ರೀಕರು ಬರುವುದಕ್ಕೆ ಮೊದಲು ಆ ನೆಲದಲ್ಲಿದ್ದ ಭಾಷೆಯ ಮಾತೆಂದು ವಿದ್ವಾಂಸರು ಎಣಿಸುತ್ತಾರೆ. ಅಲೆಗ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನು ಬರೆದ ಅರಿಯನ್ ಸಿಡೆಯವರ ಬಗ್ಗೆ ಒಂದು ವಿಚಿತ್ರವಾದ ಸಂಗತಿಯನ್ನು ದಾಖಲಿಸುತ್ತಾನೆ. ಅವರ ಪೂರ್ವಿಕರು ಗ್ರೀಕ್ ನಗರವಾದ ಕೈಮಿಯಿಂದ ಬಂದವರಂತೆ. ಅಲ್ಲಿ ಇಳಿದೊಡನೆ ಗ್ರೀಕನ್ನು ಮರೆತು ಬೇರೊಂದು ಭಾಷೆಯನ್ನು ಆಡತೊಡಗಿದರಂತೆ. ಆ ಭಾಷೆ ನೆರೆಹೊರೆಯವರ ಭಾಷೆಯೂ ಆಗಿರಲಿಲ್ಲವಂತೆ. ಇದು ಕಥೆ. ಇದರ ಹಿಂದಿನ ಸತ್ಯ ಸರಳವಾಗಿರಬಹುದು: ಊರಿನಲ್ಲಿ ಮೊದಲಿನಿಂದಲೂ ಒಂದು ಭಾಷೆ ಇತ್ತು, ಹೊರಗಿನವರಿಗೆ ಅದರ ಅರ್ಥವಾಗಲಿಲ್ಲ. ಆ ಭಾಷೆಗೆ ತನ್ನದೇ ಲಿಪಿಯೂ ಇತ್ತು. ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳ ಕೆಲವು ನಾಣ್ಯಗಳ ಮೇಲೆ ಆ ಲಿಪಿಯ ಬರಹವಿದೆ. ಕಲ್ಲಿನ ಬರಹಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಮುಂದೆ ಊರು ಪೂರ್ತಿಯಾಗಿ ಗ್ರೀಕಿಗೆ ತಿರುಗಿತು. ಕ್ರಿ.ಪೂ. 2ನೆಯ ಶತಮಾನದ ಸಿಡೆಯ ದೊಡ್ಡ ಬೆಳ್ಳಿನಾಣ್ಯಗಳಲ್ಲಿ ಅಥೀನಾ ದೇವಿಯ ತಲೆ ಒಂದು ಮುಖದಲ್ಲಿ, ವಿಜಯದೇವತೆ ಇನ್ನೊಂದು ಮುಖದಲ್ಲಿ. ಆಗಲೂ ವಿಜಯದೇವತೆಯ ಪಕ್ಕದ ಬಯಲಿನಲ್ಲಿ, ಸಣ್ಣದಾಗಿ, ಆ ದಾಳಿಂಬೆ ಇದ್ದೇ ಇದೆ.

ಆ ಜನ ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಲಾಲಿ, ಗಾದೆ, ಲೆಕ್ಕ ಯಾವುದೂ ಉಳಿದಿಲ್ಲ. ಒಂದು ಹಣ್ಣಿನ ಹೆಸರು ಊರಿನ ಹೆಸರಾಗಿ ನಾಣ್ಯಕ್ಕೆ ಅಂಟಿಕೊಂಡುದರಿಂದ ಉಳಿಯಿತು. ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ಅಧ್ಯಾಪಕರು ಬೇರೆ ಮಾತು ಆಡದೆ, ಹಲಗೆಯ ಮೇಲೆ ಎರಡು ಸಾಲುಗಳನ್ನು ಬರೆಯಲಾರಂಭಿಸುವುದು ಸೂಕ್ತ: ಹುಣಸೆ, ಚಿಂತ, ಬೇವು, ವೇಪ, ಹೊಂಗೆ, ಕಾನುಗ, ಅರಳಿ, ರಾವಿ, ಆಲ, ಮರ್ರಿ, ಅತ್ತಿ, ಮೇಡಿ, ದಾಳಿಂಬೆ, ದಾನಿಮ್ಮ. ಈ ಪಟ್ಟಿಯನ್ನು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಮುಂದುವರಿಸಬೇಕು. ಅಜ್ಜಿಗೆ ತಿಳಿದಿದ್ದು ತಂದೆತಾಯಿಗೆ ತಿಳಿಯದ ಹೆಸರು ಸಿಕ್ಕಿದರೆ ಅದರ ಕೆಳಗೆ ಗೆರೆ ಎಳೆಯಲಿ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದು ಮರಕ್ಕೆ ಎರಡು ಹೆಸರು ಗೊತ್ತಿರುವುದು ಗೊಂದಲವೆಂದು ಭಾವಿಸುವ ಅಭ್ಯಾಸ ಕೆಲವು ಕಡೆ ಇದೆ. ಈ ಪಾಠದ ಮಟ್ಟಿಗೆ ಅದು ಬಂಡವಾಳ.

ಗಿಡವೇ ಕಳೆದುಹೋದಾಗ

ಇನ್ನೊಂದು ನಾಣ್ಯದ ಕಥೆ ಇದಕ್ಕೆ ತಿರುಗುಮುರುಗು. ಆಫ್ರಿಕದ ಉತ್ತರ ತೀರದ, ಇಂದಿನ ಲಿಬಿಯದ, ಸೈರೀನ್ ಎಂಬ ಗ್ರೀಕ್ ನಗರದ ನಾಣ್ಯಗಳಲ್ಲಿ ಕ್ರಿ.ಪೂ. 6ನೆಯ ಶತಮಾನದಿಂದ ಒಂದು ಗಿಡ ಕಾಣಿಸುತ್ತದೆ. ದಪ್ಪನೆಯ, ಗೆರೆಗೆರೆಯ ಕಾಂಡ. ಕಾಂಡವನ್ನು ತಬ್ಬಿದಂತೆ ಎರಡೂ ಬದಿಗೆ ಎದುರುಬದುರಾಗಿ ಹೊರಟ ಎಲೆಗಳು. ತುದಿಯಲ್ಲಿ ದುಂಡನೆಯ ಹೂಗೊಂಚಲು. ಇದರ ಹೆಸರು ಸಿಲ್ಫಿಯಮ್. ಇದರ ಬೇರು, ಕಾಂಡಗಳಿಂದ ಒಸರುವ ಹಾಲು ಗಟ್ಟಿಯಾಗಿ ಅಂಟಾಗುತ್ತಿತ್ತು. ಅಡುಗೆಗೂ ಔಷಧಕ್ಕೂ ಅದು ಬೇಕಾಗಿತ್ತು. ಸೈರೀನಿನ ಐಶ್ವರ್ಯಕ್ಕೆ ಅದೊಂದು ಮುಖ್ಯ ಕಾರಣ. ರೋಮಿನ ಲೇಖಕ ಪ್ಲಿನಿ ಹೇಳುವಂತೆ ಜೂಲಿಯಸ್ ಸೀಸರ್ ರಾಜ್ಯದ ಬೊಕ್ಕಸದಿಂದ ಚಿನ್ನಬೆಳ್ಳಿಗಳೊಡನೆ 1500 ಪೌಂಡು ಸಿಲ್ಫಿಯಮ್ಮನ್ನೂ ಹೊರತೆಗೆಸಿದನು. ಅದು ಬೊಕ್ಕಸದಲ್ಲಿ ಇಡುವ ವಸ್ತುವಾಗಿತ್ತು ಎಂಬುದನ್ನು ಗಮನಿಸಬೇಕು.

ಆ ಗಿಡ ಹೊಲದಲ್ಲಿ ಬಿತ್ತಿದರೆ ಬರುತ್ತಿರಲಿಲ್ಲ. ಉತ್ತ ನೆಲವನ್ನು ಅದು ಒಲ್ಲದು ಎಂದು ಸಸ್ಯಶಾಸ್ತ್ರದ ಆದಿಪುರುಷನೆನಿಸಿದ ಥಿಯೊಫ್ರಾಸ್ಟಸ್ ಬರೆದಿದ್ದಾನೆ. ಕಾಡಿನಲ್ಲಿ ಬೆಳೆದುದನ್ನೇ ಕೀಳಬೇಕು. ಮುಂದೆ ಹುಲ್ಲುಗಾವಲುಗಳನ್ನು ಗುತ್ತಿಗೆ ಹಿಡಿದವರು ಹೆಚ್ಚಿನ ಲಾಭಕ್ಕಾಗಿ ಅಲ್ಲಿ ಕುರಿಗಳನ್ನು ಮೇಯಬಿಟ್ಟರೆಂದೂ, ತನ್ನ ಕಾಲದ ನೆನಪಿನಲ್ಲಿ ಒಂದೇ ಒಂದು ಗಿಡ ಸಿಕ್ಕಿದ್ದು ಅದನ್ನು ನೀರೋ ಚಕ್ರವರ್ತಿಗೆ ಕಳುಹಿಸಲಾಯಿತೆಂದೂ ಪ್ಲಿನಿ ಹೇಳುತ್ತಾನೆ. ಕುರಿ ಮೇಯಿಸುವ ಮನೆಗಳು ಬಹಳ ಇರುವ ಕಲ್ಯಾಣದುರ್ಗದ ಕಡೆಯಲ್ಲಿ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಕಲಿಸಬೇಕು. ಪ್ಲಿನಿಯ ದೂರು ಕುರಿಗಾಹಿಯ ಮೇಲಲ್ಲ, ಗುತ್ತಿಗೆದಾರನ ಮೇಲೆ. ಮಕ್ಕಳು ಅದನ್ನು ಹಾಗೆಯೇ ತಿಳಿಯುವಂತಿರಬೇಕು.

ಹೀಗೆ ಚಿತ್ರವಿದೆ, ಹೆಸರಿದೆ, ಸಸ್ಯವಿಲ್ಲ. ಆದರೂ ಮೂರನೆಯ ಅಂಕಣದ ಸಮೀಪಕ್ಕೆ ಹೋಗಲು ದಾರಿಯಿದೆ. ಥಿಯೊಫ್ರಾಸ್ಟಸ್ ಅದರ ಎಲೆಯನ್ನು ಸೆಲಿನಾನ್ ಎಲೆಗೆ, ಎಂದರೆ ಸೆಲಿನಸ್ ನಾಣ್ಯದ ಮೇಲಿನ ಆ ಕಾಡುಸೆಲರಿಗೆ, ಹೋಲಿಸಿದ್ದಾನೆ. ಇವು ನಮ್ಮ ಕೊತ್ತಂಬರಿ, ಜೀರಿಗೆ, ಸೋಂಪು, ಓಮಗಳ ಕುಟುಂಬದವು. ಶಾಲೆಯ ಅಂಗಳದಲ್ಲಿ, ಅಥವಾ ಒಡೆದ ಮಡಕೆಯಲ್ಲಿ, ಒಂದು ಹಿಡಿ ಕೊತ್ತಂಬರಿ ಬೀಜವನ್ನು ಬಿತ್ತಿಸಿ, ಸೊಪ್ಪನ್ನು ಕೀಳದೆ ಹೂಬಿಡಲು ಬಿಡಬೇಕು. ಅಡುಗೆಮನೆಯ ಕೊತ್ತಂಬರಿಯನ್ನಷ್ಟೇ ಕಂಡ ಮಕ್ಕಳು ಅದರ ಹೂವನ್ನು ನೋಡಿರುವುದು ಅಪರೂಪ. ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಹರಡಿದ ತೊಟ್ಟುಗಳು, ತುದಿಯಲ್ಲಿ ಸಣ್ಣ ಬಿಳಿ ಹೂಗಳು. ಗಿಡ ಹೂ ತುಂಬಿ ನಿಂತ ದಿನ ಸೈರೀನಿನ ನಾಣ್ಯದ ದೊಡ್ಡ ಚಿತ್ರವನ್ನು ಅದರ ಪಕ್ಕದಲ್ಲಿ ಹಿಡಿದರೆ ಮಕ್ಕಳು ಹೋಲಿಕೆಯನ್ನೂ ಕಾಣುತ್ತಾರೆ, ವ್ಯತ್ಯಾಸವನ್ನೂ ಕಾಣುತ್ತಾರೆ. ಕೊತ್ತಂಬರಿಯ ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದು ಬರುತ್ತವೆ, ನಾಣ್ಯದ ಗಿಡದಲ್ಲಿ ಎದುರುಬದುರಾಗಿವೆ. ಅದು ಗಿಡದ ಗುಣವೋ, ಅಚ್ಚು ಕೊರೆದವನ ಅಲಂಕಾರವೋ? ಇದೇ ಪ್ರಶ್ನೆಯನ್ನು ಹಿಡಿದು ಇಸ್ತಾಂಬುಲ್ ವಿಶ್ವವಿದ್ಯಾಲಯದ ಮಹಮುತ್ ಮಿಸ್ಕಿ 2021ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತುರ್ಕಿಯಲ್ಲಿ ಬೆಳೆಯುವ ಫೆರುಲಾ ದ್ರುದೇಯಾನ ಎಂಬ ಅಪರೂಪದ ಗಿಡದಲ್ಲಿ ಎಲೆಗಳು ನಾಣ್ಯದಲ್ಲಿರುವಂತೆಯೇ ಇವೆ, ಸಿಲ್ಫಿಯಮ್ ಇದೇ ಇರಬಹುದು ಎಂಬುದು ಅವರ ವಾದ. ಅದು ವಾದ, ತೀರ್ಮಾನವಲ್ಲ. ಮೂರನೆಯ ಅಂಕಣದಲ್ಲಿ ಆ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬಹುದು, ಶಾಯಿಯಲ್ಲಿ ಬೇಡ.

ಸಿಲ್ಫಿಯಮ್ ಇಲ್ಲವಾದಾಗ ರೋಮನರು ಅದಕ್ಕೆ ಬದಲಾಗಿ ಇರಾನಿನ ಕಡೆಯಿಂದ ಬರುತ್ತಿದ್ದ, ಕಟುವಾಸನೆಯ ಇನ್ನೊಂದು ಅಂಟನ್ನು ಬಳಸಿದರು. ಅದು ಇಂಗು. ತೆಲುಗಿನಲ್ಲಿ ಇಂಗುವ. ಅದೂ ಫೆರುಲಾ ಜಾತಿಯದೇ. ಭಾರತವು ಶತಮಾನಗಳಿಂದ ಇಂಗನ್ನು ಹೊರಗಿನಿಂದಲೇ ತರಿಸಿಕೊಂಡಿದೆ. 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಅದರ ಸಸಿಯನ್ನು ಬೆಳೆಗಾಗಿ ನೆಟ್ಟರು. ಮಧ್ಯಾಹ್ನದ ಸಾರಿನ ಒಗ್ಗರಣೆಯಲ್ಲಿ ಬೀಳುವ ಒಂದು ಚಿಟಿಕೆಗೂ ಲಿಬಿಯದ ನಾಣ್ಯಕ್ಕೂ ಇರುವ ಸಂಬಂಧವನ್ನು ಮಕ್ಕಳು ಮನೆಗೆ ಹೋಗಿ ಹೇಳದೆ ಇರಲಾರರು.

ಬೇಲಿಯೊಳಗಿನ ಮರ

ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ, ರಾಜ್ಯದ ಗಡಿಯನ್ನು ದಾಟಿ ಹೋದರೆ ಚಿತ್ರದುರ್ಗ. ಅದರ ಬೆಟ್ಟಗಳ ನಡುವೆ ಚಂದ್ರವಳ್ಳಿ. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ, ಮುಂದೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಅಗೆಯಿಸಿದರು. ಸಾತವಾಹನರ ಕಾಲದ ನಾಣ್ಯಗಳೊಡನೆ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೂ ಇಲ್ಲಿ ಸಿಕ್ಕಿತು. ಭಾರತಕ್ಕೆ ಹೇರಳವಾಗಿ ಬಂದ ಟೈಬೀರಿಯಸನ ನಾಣ್ಯಗಳ ಹಿಮ್ಮುಖದಲ್ಲಿ ಕುಳಿತ ಸ್ತ್ರೀಯೊಬ್ಬಳ ಕೈಯಲ್ಲಿ ಎಲೆಗಳುಳ್ಳ ಕೊಂಬೆಯಿದೆ. ಚಕ್ರವರ್ತಿಯ ತಲೆಯ ಮೇಲೆಯೂ ಎಲೆಗಳ ಮಾಲೆಯಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಒಂದೇ ಕಡೆ ಇಂಥ ರೋಮನ್ ಬೆಳ್ಳಿನಾಣ್ಯಗಳು 163 ದೊರೆತವು. ಹಿಂದೂಪುರದಿಂದ ರೈಲಿನಲ್ಲಿ ಆ ದಾರಿಯಾಗಿ ಬೆಂಗಳೂರಿಗೆ ಹೋಗಿಬರುವ ಮಕ್ಕಳಿದ್ದರೆ ಈ ಸಂಗತಿ ಅವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೆ ಇಲ್ಲಿಯ ಪಾಠಕ್ಕೆ ಮುಖ್ಯವಾದುದು ಹೊರಗಿನ ಬೆಳ್ಳಿಯಲ್ಲ, ನಾಡಿನ ಸೀಸ. ಚಿತ್ರದುರ್ಗದ ಕಡೆ ದೊರೆತ ಸದಕನ ಕಳಲಾಯ ಮಹಾರಠಿ ಎಂಬ ಮಾಂಡಲಿಕನ ಸೀಸದ ನಾಣ್ಯಗಳಲ್ಲಿ ಒಂದು ಮುಖದಲ್ಲಿ ಹಿಣಿಲುಳ್ಳ ಎತ್ತು, ಇನ್ನೊಂದರಲ್ಲಿ ಬೇಲಿಯೊಳಗೆ ನಿಂತ ಮರ ಮತ್ತು ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಬೆಟ್ಟ. ಕಾರವಾರದ ಕಡೆಯ ಚುಟುಕುಲಾನಂದ, ಮೂಳಾನಂದರ ನಾಣ್ಯಗಳಲ್ಲಿಯೂ ಇದೇ ಬೆಟ್ಟ, ಇದೇ ಮರ. ಇನ್ನೂ ಹಿಂದಿನ ಚಿಹ್ನಾಂಕಿತ ಬೆಳ್ಳಿನಾಣ್ಯಗಳಲ್ಲಿಯೂ ಅದು ಉಂಟು. ಕ್ರಿ.ಪೂ. 2ನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ದೊರೆ ಅಗಾಥಕ್ಲೀಸ್ ಕೂಡ ತನ್ನ ಒಂದು ಬಗೆಯ ತಾಮ್ರದ ನಾಣ್ಯಗಳ ಮೇಲೆ ಕಮಾನುಗಳ ಬೆಟ್ಟವನ್ನೂ ಬೇಲಿಯೊಳಗಿನ ಮರವನ್ನೂ ಹಾಕಿಸಿದನು; ಅಲ್ಲಿಯ ಬರಹ ಖರೋಷ್ಠಿಯಲ್ಲಿದೆ. ಗಿಡವಿರುವ ಗ್ರೀಕ್ ನಾಣ್ಯಗಳ ಪೆಟ್ಟಿಗೆಯಲ್ಲಿ ಹೀಗೆ ಈ ನೆಲದ ಮರವೂ ಒಂದಿದೆ.

ಇದು ಯಾವ ಮರ? ಬೋಧಿವೃಕ್ಷವೆಂದು ಹೇಳಿಬಿಡುವುದು ರೂಢಿ. ಇಲ್ಲಿ ಅಧ್ಯಾಪಕರು ತಡೆಯಬೇಕು. ಸೀಸದ ನಾಣ್ಯದಲ್ಲಿ ಮರವೆಂದರೆ ಒಂದು ನೆಟ್ಟ ಗೆರೆ, ಎರಡೂ ಕಡೆಗೆ ಕೆಲವು ಕೊಂಬೆಗಳು, ಕೊಂಬೆಗೆ ಕೆಲವು ಎಲೆಗಳು. ಅರಳಿಯ ಎಲೆಯ ಬಾಲದಂಥ ಉದ್ದ ತುದಿ ಅಲ್ಲಿ ಕಾಣುವುದಿಲ್ಲ. ಬ್ರಾಹ್ಮೀ ಲಿಪಿಯಲ್ಲಿರುವ ಪ್ರಾಕೃತ ಬರಹ ನಾಣ್ಯ ಹೊರಡಿಸಿದವನ ಹೆಸರನ್ನು ಹೇಳುತ್ತದೆ, ಮರದ ಹೆಸರನ್ನು ಹೇಳುವುದಿಲ್ಲ. ಬೇಲಿ ಹೇಳುವುದಿಷ್ಟು: ಈ ಮರಕ್ಕೆ ಮರ್ಯಾದೆ ಸಲ್ಲುತ್ತಿತ್ತು. ಅದು ಜಾತಿಯ ಗುರುತಲ್ಲ. ಊರ ಮುಂದಿನ ಕಟ್ಟೆಯ ಮೇಲೆ ಅರಳಿಯೂ ಬೇವೂ ಜೊತೆಯಾಗಿ ನಿಂತಿರುವುದನ್ನು ದಿನವೂ ನೋಡುವ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಟ್ಟೆಯನ್ನು ಮಾತ್ರ ದೂರದಿಂದ ಕಂಡವನು ಮೇಲಿನ ಮರ ಯಾವುದೆಂದು ಹೇಳಲಾರ. ಚಿತ್ರವಿದೆ, ಹೆಸರಿಲ್ಲ, ಆದುದರಿಂದ ಸಸ್ಯದ ಅಂಕಣ ಖಾಲಿ. ಮಕ್ಕಳು ಖಾಲಿ ಅಂಕಣವನ್ನು ತಪ್ಪೆಂದು ತಿಳಿದು ಏನನ್ನಾದರೂ ತುಂಬಲು ಹವಣಿಸುತ್ತಾರೆ. ಪರೀಕ್ಷೆಗಳು ಕಲಿಸಿರುವುದು ಅದನ್ನೇ.

ತಾವರೆಯಾದರೆ ಈ ತೊಡಕಿಲ್ಲ. ಕದಂಬರದೆಂದು ಹೇಳುವ ಪದ್ಮಟಂಕಗಳ ನಡುವೆ ಇರುವುದು ತಾವರೆಯೇ, 1968ರಿಂದ ಕೆಲವು ವರ್ಷ ಬಂದ ಹಳದಿ ಬಣ್ಣದ ಇಪ್ಪತ್ತು ಪೈಸೆಯ ಮೇಲಿದ್ದುದೂ ತಾವರೆಯೇ. ಹಳೆಯ ಇಪ್ಪತ್ತು ಪೈಸೆ ಯಾರದಾದರೂ ಮನೆಯ ಡಬ್ಬಿಯಲ್ಲಿ ಇರಬಹುದು.

ಗಿಡ ನಾಣ್ಯದ ಮೇಲೆ ಮಾತ್ರವಲ್ಲ, ತಕ್ಕಡಿಯಲ್ಲಿಯೂ ಇತ್ತು. ಚಿಹ್ನಾಂಕಿತ ಬೆಳ್ಳಿಯ ಕಾರ್ಷಾಪಣದ ತೂಕ 32 ಗುಲಗಂಜಿ. ನಮ್ಮ ಶಾಸನಗಳಲ್ಲಿ ಹಣ, ಹಾಗಗಳ ಜೊತೆಗೆ ‘ಬೇಳೆ’ ಎಂಬ ಸಣ್ಣ ನಾಣ್ಯವೂ ಬರುತ್ತದೆ. ಗುಲಗಂಜಿಯನ್ನು ತರಗತಿಗೆ ತರುವುದಾದರೆ ಅಧ್ಯಾಪಕರು ತಾವೇ ಮುಚ್ಚಿದ ಗಾಜಿನ ಸೀಸೆಯಲ್ಲಿ ತಂದು ತೋರಿಸಿ ಹಿಂದಕ್ಕೆ ಒಯ್ಯಬೇಕು. ಅದರ ಬೀಜ ಒಡೆದರೆ ಕಡುವಿಷ.

ಸಂಗ್ರಹಿಸುವ ಬಗೆ

ಗ್ರೀಕ್ ನಾಣ್ಯಗಳನ್ನು ಕೊಂಡು ಕೂಡಿಸುವುದು ಶಾಲೆಯ ಕೆಲಸವಲ್ಲ, ಬೇಕಾಗಿಯೂ ಇಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ಅಮೆರಿಕದ ನಾಣ್ಯಶಾಸ್ತ್ರ ಸಂಘದ ಸಂಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಅಗ್ಗದ ಬೆಲೆಗೆ ಪ್ರಾಚೀನ ನಾಣ್ಯವೆಂದು ಮಾರುವವರು ಎಲ್ಲೆಡೆ ಇದ್ದಾರೆ. ಎರಕದಿಂದ ಮಾಡಿದ ನಕಲಿಗಳಲ್ಲಿ ಅಂಚಿನ ಸುತ್ತ ಕೂಡುಗೆರೆಯೂ ಮೈಮೇಲೆ ಸಣ್ಣ ಗುಳಿಗಳೂ ಅನೇಕ ವೇಳೆ ಕಾಣುತ್ತವೆ. ನಿಜವಾದ ಗ್ರೀಕ್ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಏಟು ಸ್ವಲ್ಪ ಓರೆಯಾದರೆ ಗಿಡದ ಒಂದು ಕೊಂಬೆ ಬಿಲ್ಲೆಯ ಹೊರಗೆ ಉಳಿಯುತ್ತಿತ್ತು. ಒಂದೇ ನಾಣ್ಯವನ್ನು ನೋಡಿ ಗಿಡವನ್ನು ನಿರ್ಧರಿಸಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಮಕ್ಕಳ ಸಂಗ್ರಹ ಚಲಾವಣೆಯ ನಾಣ್ಯಗಳಿಂದಲೇ ಮೊದಲಾಗಲಿ. ನಾಣ್ಯದ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನ ಓರೆ ಮುಖದಿಂದ ಮೆಲ್ಲಗೆ ಉಜ್ಜಿದರೆ ಚಿತ್ರ ಮೂಡುತ್ತದೆ. ಒಂದು ರೂಪಾಯಿಯ ಹಳೆಯ ನಾಣ್ಯಗಳ ತೆನೆಗಳು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ಪ್ರತಿ ಉಜ್ಜುಚಿತ್ರದ ಕೆಳಗೆ ಇಸವಿ, ಬೆಲೆ, ಸಿಕ್ಕಿದ ಸ್ಥಳ ಬರೆದಿರಬೇಕು. ಲೇಪಾಕ್ಷಿಗೆ ಹೋಗುವ ಅವಕಾಶವಿದ್ದರೆ ವೀರಭದ್ರ ದೇವಾಲಯದ ಲತಾಮಂಟಪದ ಕಂಬಗಳ ಮುಂದೆ ಅದೇ ಮೂರು ಅಂಕಣಗಳನ್ನು ತೆಗೆದು ಕೂರಬಹುದು. ಆ ಬಳ್ಳಿಗಳು ಸೀರೆಗಳ ಅಂಚಿಗೆ ಇಳಿದು ಬಂದಿವೆ. ಅವುಗಳಲ್ಲಿ ಎಷ್ಟು ಬಳ್ಳಿಗಳಿಗೆ ಕಾಡಿನಲ್ಲಿ ಜೋಡಿ ಉಂಟು, ಎಷ್ಟು ಶಿಲ್ಪಿಯ ಕೈಯಲ್ಲೇ ಹುಟ್ಟಿದವು ಎಂದು ಮಕ್ಕಳೇ ನೋಡಿ ಹೇಳಲಿ. ಆದರೆ ಅಲ್ಲಿ ಕಂಬದ ಮೇಲೆ ಕಾಗದವಿಟ್ಟು ಉಜ್ಜಬಾರದು, ಬಿಡಿಸಿಕೊಳ್ಳುವುದು ಮಾತ್ರ.

ಇಂಥ ಪಾಠವಾದ ಮೇಲೆ ಒಂದು ದಿನ ಮಗುವೊಂದು ಹೊಲದಲ್ಲಿ ಸಿಕ್ಕಿದ ಕಪ್ಪು ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಬರುವ ಸಂಭವ ಉಂಟು. ಅನಂತಪುರ, ಕಡಪ ಜಿಲ್ಲೆಗಳಲ್ಲಿ ದೊರೆತ ಸೀಸದ ನಾಣ್ಯಗಳನ್ನು ಇ.ಜೆ. ರ‍್ಯಾಪ್ಸನ್ 1908ರಷ್ಟು ಹಿಂದೆಯೇ ತಮ್ಮ ಸೂಚಿಯಲ್ಲಿ ಸೇರಿಸಿದ್ದಾರೆ. ಈ ನೆಲ ಬರಿದಲ್ಲ. ಅಂಥ ಸಂದರ್ಭದಲ್ಲಿ ಅಧ್ಯಾಪಕರು ನಾಣ್ಯವನ್ನು ಹುಣಸೆಹಣ್ಣಿನಿಂದಲೋ ನಿಂಬೆರಸದಿಂದಲೋ ತೊಳೆಯಲು ಬಿಡಬಾರದು. ಮೇಲ್ಮೈಯ ಕಪ್ಪು ಹೋದರೆ ಅದರೊಡನೆ ಬರಹವೂ ಹೋಗಬಹುದು. ಸಿಕ್ಕಿದ ಹೊಲ, ಆಳ, ಜೊತೆಗಿದ್ದ ಮಡಕೆಚೂರುಗಳನ್ನು ಆ ದಿನವೇ ಬರೆದಿಟ್ಟುಕೊಳ್ಳಬೇಕು. ಸ್ಥಳ ತಿಳಿಯದ ನಾಣ್ಯ ಅರ್ಧ ಮೂಕವಾಗುತ್ತದೆ. 1878ರ ನಿಧಿ ಕಾಯಿದೆಯಂತೆ ನೆಲದಲ್ಲಿ ಹುದುಗಿದ್ದು ದೊರೆತ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತುವಿನ ವಿಷಯವನ್ನು ಜಿಲ್ಲಾ ಕಲೆಕ್ಟರಿಗೆ ಬರವಣಿಗೆಯಲ್ಲಿ ತಿಳಿಸಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ನೂರು ವರ್ಷ ಹಳೆಯ ನಾಣ್ಯವನ್ನೂ ಪುರಾವಸ್ತುವೆಂದೇ ಎಣಿಸುತ್ತದೆ. ತಹಸೀಲ್ದಾರರ ಕಚೇರಿಗೆ ಮಗುವನ್ನು ಒಂಟಿಯಾಗಿ ಕಳುಹಿಸದೆ ಮುಖ್ಯೋಪಾಧ್ಯಾಯರೂ ಮನೆಯವರೂ ಜೊತೆಯಲ್ಲಿ ಹೋಗುವುದು ಒಳಿತು. ನಾಣ್ಯವನ್ನು ತಂದ ಮಗು ಹೆದರುವಂತಾದರೆ ಮುಂದಿನ ನಾಣ್ಯ ನೇರವಾಗಿ ಅಕ್ಕಸಾಲೆಯ ಮೂಸೆಗೆ ಹೋಗುತ್ತದೆ.

ಅಭ್ಯಾಸ

ಮೂರೂ ಅಂಕಣಗಳನ್ನು ಬಾಯಿಪಾಠದಿಂದ ತುಂಬಿಸುವ ಪ್ರಶ್ನೆಗಳನ್ನು ಕೇಳಬೇಡಿರಿ. ಸಿಡೆಯ ನಾಣ್ಯದಲ್ಲಿ ದಾಳಿಂಬೆ ಇಲ್ಲದೆ ಬರಹ ಮಾತ್ರ ಉಳಿದಿದ್ದರೆ ‘ಸಿಡೆ’ ಹಣ್ಣಿನ ಹೆಸರೆಂದು ಊಹಿಸುವುದು ಎಷ್ಟು ಕಷ್ಟವಾಗುತ್ತಿತ್ತು? ರೋಡ್ಸಿನ ನಾಣ್ಯದ ಬರಹ ಸವೆದುಹೋಗಿದ್ದರೆ ಆ ಹೂವಿಗೆ ಎಷ್ಟು ಹೆಸರುಗಳನ್ನು ಇಡಬಹುದಿತ್ತು? ಇಪ್ಪತ್ತು ರೂಪಾಯಿಯ ಧಾನ್ಯಕ್ಕೆ ಎರಡು ಸಾವಿರ ವರ್ಷಗಳ ಮೇಲೆ ಯಾರಾದರೂ ಹೆಸರು ಹುಡುಕಿದರೆ ಅವರಿಗೆ ಯಾವ ಸಾಕ್ಷ್ಯಗಳು ಬೇಕಾಗುತ್ತವೆ? ಇಂಥವು ಸಾಕು. ಉತ್ತರವನ್ನು ಕನ್ನಡದಲ್ಲಿ ಬರೆದು, ಗಿಡದ ಹೆಸರನ್ನು ಮಾತ್ರ ಮಕ್ಕಳು ತಮ್ಮ ಮನೆಯ ಮಾತಿನಲ್ಲಿ ಹಾಕಿದ್ದರೆ ಅಂಕ ಕಳೆಯಬಾರದು. ಚಂದ್ರವಳ್ಳಿಯ ಮರದ ಸಾಲಿನಲ್ಲಿ ಕೊನೆಯ ಅಂಕಣವನ್ನು ಖಾಲಿ ಬಿಟ್ಟು, ಏಕೆ ಬಿಟ್ಟೆನೆಂದು ಒಂದು ವಾಕ್ಯ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಬೇಕು.